ಬ್ರೈಲಾ, ದೊಡ್ಡ ಅಕ್ಷರನಾ, ಆಡಿಯೋನಾ? ದೃಷ್ಟಿದೋಷ ಇರುವ ಮಗುವಿಗೆ ದಾರಿ ಆರಿಸುವಾಗ

ಮಗುವಿನ ಕಣ್ಣಿಗೆ ತೊಂದರೆ ಇದೆ ಎಂದು ಗೊತ್ತಾದ ದಿನದಿಂದ ಮನೆಯವರ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ. ಎಷ್ಟು ಕಾಣುತ್ತದೆ? ಡಾಕ್ಟರು ಅದಕ್ಕೆ ಅಂಕಿಯಲ್ಲಿ ಉತ್ತರ ಕೊಡುತ್ತಾರೆ. 6/60 ಅಂದರೆ, ಬೇರೆಯವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಈ ಮಗು 6 ಮೀಟರ್ ಹತ್ತಿರಕ್ಕೆ ಬಂದು ಗುರುತಿಸುತ್ತದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಎರಡರಲ್ಲಿ ಚೆನ್ನಾಗಿರುವ ಕಣ್ಣಿನಲ್ಲೂ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅದು ಅಂಧತ್ವ. ಈ ಅಂಕಿ ಚಿಕಿತ್ಸೆಗೆ ಬೇಕು, ಸರ್ಟಿಫಿಕೇಟಿಗೂ ಬೇಕು. ಆದರೆ ಮಗುವಿನ ಕೈಗೆ ಯಾವ ಪುಸ್ತಕ ಕೊಡಬೇಕು, ಯಾವ ಶಾಲೆಗೆ ಸೇರಿಸಬೇಕು ಎನ್ನುವುದಕ್ಕೆ ಇದೊಂದರಿಂದಲೇ ಉತ್ತರ ಸಿಗುವುದಿಲ್ಲ.

ಯಾಕೆಂದರೆ ಒಂದೇ 6/60 ಬರೆಸಿಕೊಂಡು ಬಂದ ಇಬ್ಬರು ಮಕ್ಕಳು ಒಂದೇ ಥರ ನೋಡುವುದಿಲ್ಲ. ಆಲ್ಬಿನಿಸಂ, ಅಂದರೆ ಮೈ, ಕೂದಲು, ಕಣ್ಣಿನಲ್ಲಿ ಬಣ್ಣ ತೀರಾ ಕಡಿಮೆ ಇರುವ ಸ್ಥಿತಿಯ ಮಗುವಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಅಂಚಿರುವ ಟೋಪಿಯೋ ಬಣ್ಣದ ಕನ್ನಡಕವೋ ಕೊಟ್ಟರೆ ಎಷ್ಟೋ ಆರಾಮಾಗಿ ಓದುತ್ತದೆ. ಕಣ್ಣಿನ ಒಳಪದರ ನಿಧಾನವಾಗಿ ಹಾಳಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಮಗುವಿನ ಕಥೆ ಬೇರೆ. ಕತ್ತಲಾದ ಮೇಲೆ ಅದು ಗೋಡೆ ಹಿಡಿದು ನಡೆಯುತ್ತದೆ, ಸುತ್ತಲಿನ ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಇನ್ನು ಮೆದುಳಿನ ಕಾರಣದಿಂದ ಬರುವ ದೃಷ್ಟಿದೋಷವೂ ಇದೆ. ಅದರಲ್ಲಿ ಕಣ್ಣು ಚೆನ್ನಾಗಿಯೇ ಇರಬಹುದು, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಕಡೆ ತೊಡಕು. ಅಂಥ ಮಗು ಬೆಳಿಗ್ಗೆ ಗುರುತಿಸಿದ ಆಟಿಕೆಯನ್ನು ಸಂಜೆ ಗದ್ದಲದ ಕೋಣೆಯಲ್ಲಿ ಗುರುತಿಸದೇ ಹೋಗಬಹುದು. ಅದನ್ನು ಹಟ, ನಾಟಕ ಎಂದು ಬೈಯುವುದನ್ನು ಕಣ್ಣಾರೆ ಕಂಡಿದ್ದೇನೆ. ತುಂಬ ಸಂಕಟವಾಗುತ್ತದೆ.

ಇಂಥ ಮಕ್ಕಳ ಪಕ್ಕದಲ್ಲಿ ಕೂತು ಕಲಿಸುವುದು ನನ್ನ ಕೆಲಸ. ಮಾಡುತ್ತಾ ಮಾಡುತ್ತಾ ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಓದೋ ಬರಹವೋ, ಆ ಕೆಲಸ ಯಾರ ಕೈ ಮಾಡಿತು, ಮಗುವಿನದೋ ದೊಡ್ಡವರದೋ? ಮಗುವಿನದೇ ಆದರೆ, ಮುಗಿದ ಮೇಲೆ ಆಟ ಆಡುವಷ್ಟು ಶಕ್ತಿ ಅದರಲ್ಲಿ ಉಳಿದಿತ್ತಾ? ಕೆಳಗೆ ಬರುವ ಆಯ್ಕೆಗಳನ್ನೆಲ್ಲ ನಾನು ತೂಗಿರುವುದು ಈ ಎರಡರಿಂದಲೇ.

ದೊಡ್ಡ ಅಕ್ಷರ

ಮಗುವಿಗೆ ಸ್ವಲ್ಪವಾದರೂ ಕಾಣುತ್ತದೆ ಅಂದರೆ ಎಲ್ಲರ ಮನಸ್ಸು ಮೊದಲು ಹೋಗುವುದು ಇಲ್ಲಿಗೇ. ಅದು ಸಹಜ. ಪುಸ್ತಕ ಬೇರೆ ಮಕ್ಕಳ ಪುಸ್ತಕದ ಹಾಗೇ ಇರುತ್ತದೆ, ಅಮ್ಮನೂ ಪಕ್ಕದಲ್ಲಿ ಕೂತು ಓದಿಸಬಹುದು, ಚಿತ್ರ, ನಕ್ಷೆ, ಲೆಕ್ಕ ಎಲ್ಲ ಒಂದೇ ಪುಟದಲ್ಲಿ ಸಿಗುತ್ತವೆ. 18 ಪಾಯಿಂಟ್ ಮತ್ತು ಅದಕ್ಕಿಂತ ದೊಡ್ಡದನ್ನು ಸಾಮಾನ್ಯವಾಗಿ ದೊಡ್ಡ ಅಕ್ಷರ ಎನ್ನುತ್ತಾರೆ.

ಆದರೆ ಕನ್ನಡದಲ್ಲಿ ಒಂದು ಸೂಕ್ಷ್ಮ ಇದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಇವುಗಳನ್ನು ಬೇರೆ ಮಾಡುವುದು ಒಂದು ಚಿಕ್ಕ ಗೀಟು, ಅಷ್ಟೇ. ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತದೆ. ದೃಷ್ಟಿ ಮಂದ ಇರುವ ಮಗುವಿಗೆ ಮೊದಲು ಕೈಕೊಡುವುದು ಈ ಗೀಟುಗಳೇ. ಹಾಗಾಗಿ ಅಕ್ಷರ ಹಿಗ್ಗಿಸಿದರೆ ಸಾಲದು, ಸಾಲುಗಳ ನಡುವೆ ಜಾಗವೂ ಬೇಕು, ಕಪ್ಪು ಗಾಢವಾಗಿರಬೇಕು. ಹಳೇ ಪುಸ್ತಕವನ್ನು ಜೆರಾಕ್ಸ್ ಮಾಡಿ ಹಿಗ್ಗಿಸಿದರೆ ಬೂದು ಅಕ್ಷರವೇ ದೊಡ್ಡದಾಗುತ್ತದೆ ಹೊರತು ಸ್ಪಷ್ಟವಾಗುವುದಿಲ್ಲ.

ದೊಡ್ಡದಾಗಿ ಅಚ್ಚಾದ ಪುಸ್ತಕ ಒಳ್ಳೆಯದಾ, ಭೂತಗನ್ನಡಿ ಒಳ್ಳೆಯದಾ ಎಂದು ಕೇಳಿದರೆ ನಾನು ಭೂತಗನ್ನಡಿಯ ಕಡೆ. ಅಚ್ಚು ಹಾಕಿದ ಪುಸ್ತಕ ಆ ಒಂದು ಪಾಠಕ್ಕೆ ಮಾತ್ರ. ಭೂತಗನ್ನಡಿ ಅಥವಾ ಫೋನಿನ ಕ್ಯಾಮೆರಾ ಹಿಗ್ಗಿಸಿ ನೋಡುವ ಅಭ್ಯಾಸ ಆದರೆ ಮಾತ್ರೆಯ ಹಾಳೆ, ಅಂಗಿಯ ಚೀಟಿ, ಗೆಳೆಯನ ಪುಸ್ತಕ ಎಲ್ಲವನ್ನೂ ಮಗು ತಾನೇ ಓದಿಕೊಳ್ಳುತ್ತದೆ. ಕಪ್ಪು ಹಲಗೆಗೆ ಒಂಟಿ ಕಣ್ಣಿನ ಪುಟ್ಟ ದುರ್ಬೀನು ಸಿಗುತ್ತದೆ.

ಒಬ್ಬ ಹುಡುಗಿಯ ಓದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರನೇ ತರಗತಿ. ಮೂಗು ಪುಟಕ್ಕೆ ತಾಗುವಷ್ಟು ಬಗ್ಗುತ್ತಿದ್ದಳು, ಮೂಗಿನ ತುದಿಗೆ ಪೆನ್ಸಿಲ್ ಮಸಿ ಹತ್ತಿರುತ್ತಿತ್ತು. ಮೊದಲ ಮೂರು ಸಾಲು ಗಂಟಲು ಬಿಚ್ಚಿ ಓದಿದಳು. ನಾಲ್ಕನೇ ಸಾಲಿಗೆ ಧ್ವನಿ ಸಣ್ಣಗಾಯಿತು. ಐದನೇ ಸಾಲಿನಲ್ಲಿ ಕತ್ತಿನ ಹಿಂದೆ ಕೈ ಇಟ್ಟುಕೊಂಡಳು, ಒಂದು ಪದ ಬಿಟ್ಟಳು. ಆಮೇಲಿನದೆಲ್ಲ ಸರಸರ ಬಂತು. ಮನೆಯವರಿಗೆ ಖುಷಿ. ನಾನು ಸುಮ್ನೆ ಪುಟ ತಿರುಗಿಸಿ ಕೊಟ್ಟೆ, ಆದರೂ ಅವಳು ಹಳೇ ಪಾಠವನ್ನೇ ಮುಂದುವರಿಸಿದಳು. ಕಂಠಪಾಠ ಮಾಡಿದ್ದಳು ಪಾಪ, ಓದುತ್ತಿರಲಿಲ್ಲ. ಅಷ್ಟು ದೊಡ್ಡ ಪಾಠವನ್ನು ಬರೀ ಕೇಳಿ ನೆನಪಿಟ್ಟುಕೊಂಡ ಆ ಬುದ್ಧಿ ನೋಡಿ. ಕೊರತೆ ಇದ್ದದ್ದು ಬುದ್ಧಿಯಲ್ಲಿ ಅಲ್ಲವೇ ಅಲ್ಲ. ಅವಳಿಗೆ ಸಿಕ್ಕಿದ್ದು ತಪ್ಪು ದಾರಿ, ಅಷ್ಟೇ.

ಹಾಗಾಗಿ ದೊಡ್ಡ ಅಕ್ಷರ ಸಾಕಾ ಎಂದು ನೋಡುವಾಗ ಮೊದಲ ಎರಡು ನಿಮಿಷ ನೋಡಬೇಡಿ, ಇಪ್ಪತ್ತನೇ ನಿಮಿಷ ನೋಡಿ. ಒಂದು ಮಾತು ಸೇರಿಸುತ್ತೇನೆ: ಪುಸ್ತಕವನ್ನು ತೀರಾ ಹತ್ತಿರ ಹಿಡಿದರೆ ಕಣ್ಣು ಹಾಳಾಗುತ್ತದೆ ಎಂದು ಈ ಮಕ್ಕಳನ್ನು ಗದರಬೇಡಿ. ಹತ್ತಿರ ಹಿಡಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ ಎಂದೇ ಅವರು ಹಾಗೆ ಹಿಡಿಯುವುದು. ಬಗ್ಗುವುದು ತಪ್ಪಲಿ ಎಂದರೆ ಪುಸ್ತಕವನ್ನು ಇಳಿಜಾರು ಹಲಗೆಯ ಮೇಲೆ ಎತ್ತರಿಸಿ ಇಡಿ.

ಬ್ರೈಲ್

ಉಬ್ಬು ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಓದುವ ಈ ಲಿಪಿಯನ್ನು, ಲೂಯಿ ಬ್ರೈಲ್ 1824ರಲ್ಲಿ ರೂಪಿಸಿದಾಗ ಆತನಿಗೆ ಬರೀ 15 ವರ್ಷ. ಅದಕ್ಕೆ ಮುಂಚೆ ಅವನು ಓದಿದ ಪ್ಯಾರಿಸ್ಸಿನ ಶಾಲೆಯಲ್ಲಿ ಮಾಮೂಲಿ ಅಕ್ಷರವನ್ನೇ ಉಬ್ಬಿಸಿ ಅಚ್ಚು ಹಾಕುತ್ತಿದ್ದರು. ಕಣ್ಣಿಗೆ ಅಂತ ಹುಟ್ಟಿದ ಅಕ್ಷರ ಬೆರಳಿಗೆ ಸಲೀಸಾಗಿ ಸಿಗುತ್ತದಾ? ಅವನು ಆರು ಚುಕ್ಕಿಗೆ ಇಳಿಸಿದ. ಒಂದು ಬೆರಳ ತುದಿ ಇಟ್ಟರೆ ಇಡೀ ಅಕ್ಷರ ಅದರಡಿ ಬರಬೇಕು, ಬೆರಳು ಮೇಲೆ ಕೆಳಗೆ ಹುಡುಕಬಾರದು. ಆ ಆರು ಚುಕ್ಕಿಗಳಿಂದ 63 ರೂಪ ಬರುತ್ತವೆ, ಭಾಷೆ, ಗಣಿತ, ಸಂಗೀತ ಎಲ್ಲವೂ ಅವುಗಳಲ್ಲೇ ಹಿಡಿಸುತ್ತವೆ.

ಕನ್ನಡಕ್ಕೆ ಇದು ಎಷ್ಟು ಚೆನ್ನಾಗಿ ಒಗ್ಗಿದೆ ಎನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. ಚುಕ್ಕಿಗಳನ್ನು ಎಡಗಡೆ ಮೇಲಿನಿಂದ ಕೆಳಗೆ ಒಂದು, ಎರಡು, ಮೂರು, ಬಲಗಡೆ ನಾಲ್ಕು, ಐದು, ಆರು ಎಂದು ಎಣಿಸುತ್ತಾರೆ. ಅ ಎಂದರೆ ಮೊದಲನೇ ಚುಕ್ಕಿ ಒಂದೇ. ಕ ಎಂದರೆ ಒಂದು ಮತ್ತು ಮೂರನೇ ಚುಕ್ಕಿ. ಒತ್ತಕ್ಷರ ಕೆಳಗೆ ಹೋಗಿ ಕೂರುವುದಿಲ್ಲ, ಎಲ್ಲವೂ ಒಂದೇ ಸಾಲು. 'ಅಕ್ಕ' ಬರೆಯಬೇಕಾದರೆ ಮೊದಲು ಅ, ಆಮೇಲೆ ಒತ್ತು ಬರುತ್ತಿದೆ ಎಂದು ಹೇಳುವ ನಾಲ್ಕನೇ ಚುಕ್ಕಿ, ಆಮೇಲೆ ಕ, ಮತ್ತೆ ಕ. ದ ಮತ್ತು ಧ ಇಲ್ಲಿ ಪೂರ್ತಿ ಬೇರೆ ಬೇರೆ ರೂಪ. ಮುದ್ರಿತ ಪುಟದಲ್ಲಿ ಗೀಟು ಕಾಣದೆ ಒದ್ದಾಡುವ ಮಗುವಿಗೆ ಬ್ರೈಲಿನಲ್ಲಿ ಆ ಗೊಂದಲವೇ ಇಲ್ಲ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಪುಸ್ತಕಗಳು ದಪ್ಪ, ಒಂದು ಪಠ್ಯಪುಸ್ತಕ ಹಲವು ಸಂಪುಟ ಆಗುತ್ತದೆ. ಕಲಿಸುವವರು ಹತ್ತಿರದಲ್ಲಿ ಇರಬೇಕು. ಬೆರಳು ಪಳಗಲು ತಿಂಗಳುಗಟ್ಟಲೆ ಬೇಕು, ಅದಕ್ಕೂ ಮುಂಚೆ ಮಣ್ಣು ನಾದುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಕಾಳು ಬೇರ್ಪಡಿಸುವುದು ಇಂಥ ಕೈಕೆಲಸ ಆಗಿರಬೇಕು. ಶುರುವಿನಲ್ಲಿ ಮಕ್ಕಳು ಚುಕ್ಕಿಯನ್ನು ಒತ್ತಿ ಉಜ್ಜುತ್ತಾರೆ. ಹಗುರವಾಗಿ, ಎರಡೂ ಕೈ ಬಳಸಿ, ಎಡದಿಂದ ಬಲಕ್ಕೆ ಜಾರಿಸುವುದನ್ನು ಮೊದಲಿನಿಂದಲೇ ರೂಢಿ ಮಾಡಿಸಬೇಕು.

ನನ್ನ ಅಭಿಪ್ರಾಯ ಇಷ್ಟು. ಏನೂ ಕಾಣದ ಮಗುವಿಗೆ ಬ್ರೈಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ದೃಷ್ಟಿ ಇಳಿಯುತ್ತಾ ಹೋಗುವ ಕಾಯಿಲೆ ಇದ್ದರೆ, ಇನ್ನೂ ಕಾಣುತ್ತಿರುವಾಗಲೇ ಶುರು ಮಾಡಿ. ಪೂರ್ತಿ ಹೋದ ಮೇಲೆ ದುಃಖ ಮತ್ತು ಹೊಸ ಲಿಪಿ ಎರಡನ್ನೂ ಒಟ್ಟಿಗೆ ಆ ಮಗುವಿನ ತಲೆಯ ಮೇಲೆ ಹೊರಿಸಬೇಡಿ. ಸ್ವಲ್ಪ ಕಾಣುವ, ಆದರೆ ಹತ್ತೇ ನಿಮಿಷಕ್ಕೆ ಸುಸ್ತಾಗುವ ಮಗುವಿಗೆ ಎರಡೂ ಕಲಿಸಿ. ಬ್ರೈಲ್ ಕಲಿತರೆ ಇರುವ ದೃಷ್ಟಿಯೂ ಹೋಗುತ್ತದೆ ಎಂದು ಹೆದರುವವರಿದ್ದಾರೆ. ಬೆರಳಿನಿಂದ ಓದಿದರೆ ಕಣ್ಣಿಗೆ ಏನೂ ಆಗುವುದಿಲ್ಲ. ನಾನು ಮೇಲೆ ಹೇಳಿದ ಹುಡುಗಿ ಎರಡನ್ನೂ ಕಲಿತಳು. ಚಿತ್ರ, ನಕ್ಷೆಗೆ ಕಣ್ಣು, ಕಥೆಪುಸ್ತಕಕ್ಕೆ ಬೆರಳು. ಹಾಸಿಗೆಯಲ್ಲಿ ಮಲಗಿ, ಪುಸ್ತಕ ಹೊಟ್ಟೆಯ ಮೇಲೆ ಇಟ್ಟುಕೊಂಡು, ದೀಪ ಆರಿಸಿದ ಮೇಲೂ ಓದುತ್ತಾಳೆ ಎಂದು ಅವಳ ಅಮ್ಮ ಬಂದು ದೂರು ಹೇಳಿದರು. ಆ ದೂರು ಕೇಳಿ ನನಗೆ ಕಣ್ಣು ತುಂಬಿ ಬಂತು.

ಆಡಿಯೋ

ಈಗಂತೂ ಇದು ಸುಲಭ. ಫೋನಿನಲ್ಲೇ ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಈ ಸ್ಕ್ರೀನ್ ರೀಡರನ್ನು ಕಟ್ಟಿದವರಿಗೇ ಕಣ್ಣು ಕಾಣುವುದಿಲ್ಲ, ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಡೈಸಿ ಎಂಬ ಡಿಜಿಟಲ್ ಆಡಿಯೋ ರೂಪದ ಪುಸ್ತಕ ಆದರೆ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಹಾರಬಹುದು. ದೊಡ್ಡ ಮಕ್ಕಳು ನಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಸಮಾಜ ವಿಜ್ಞಾನದ ಉದ್ದುದ್ದ ಪಾಠಕ್ಕೆ, ಕಾದಂಬರಿಗೆ, ಪತ್ರಿಕೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಆದರೆ ಬರೀ ಕೇಳಿ ಬೆಳೆದ ಮಗುವಿಗೆ ಅಕ್ಷರ ಗೊತ್ತಿರುವುದಿಲ್ಲ. ಒಬ್ಬ ಹುಡುಗ, ಹೈಸ್ಕೂಲು, ಮಾತಿಗೆ ಕೂತರೆ ಪುಸ್ತಕದ ಹಾಗೆ ಮಾತಾಡುತ್ತಿದ್ದ. ಕೀಬೋರ್ಡ್ ಕೊಟ್ಟು ಒಂದು ಪ್ಯಾರಾ ಬರೆಸಿದೆ. 'ಭಾಷೆ' ಬಾಶೆ ಆಗಿತ್ತು, 'ಅರ್ಥ' ಅರ್ತ, 'ವಿದ್ಯಾರ್ಥಿ' ವಿದ್ಯಾರ್ತಿ. ಅವನ ತಪ್ಪೇನೂ ಇಲ್ಲ. ನಮ್ಮ ದಿನದ ಮಾತಿನಲ್ಲಿ ಮಹಾಪ್ರಾಣವನ್ನು ಎಷ್ಟು ಜನ ಸರಿಯಾಗಿ ನುಡಿಯುತ್ತಾರೆ? ಕಿವಿಗೆ ಬೀಳದ್ದು ಕೈಗೆ ಎಲ್ಲಿಂದ ಬರಬೇಕು. ಎಲ್ಲಿ ಪ್ಯಾರಾ ಒಡೆಯಬೇಕು, ಎಲ್ಲಿ ಅಲ್ಪವಿರಾಮ ಹಾಕಬೇಕು ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವನ ಕೈ ಒಂದು ಪುಟವನ್ನೂ ಮುಟ್ಟಿರಲಿಲ್ಲ.

ಗಣಿತದಲ್ಲಿ ಇನ್ನೂ ಕಷ್ಟ. "ಎ ಕೂಡಿಸು ಬಿ ಭಾಗಿಸು ಸಿ" ಎಂದು ಕಿವಿಗೆ ಬಿದ್ದರೆ, ಭಾಗಿಸಬೇಕಾದದ್ದು ಬಿ ಒಂದನ್ನಾ, ಎ ಮತ್ತು ಬಿ ಎರಡನ್ನೂ ಸೇರಿಸಿಯಾ? ಬರವಣಿಗೆ ಕೈಯಡಿ ಇದ್ದರೆ ಈ ಸಂಶಯವೇ ಇಲ್ಲ. ಕಣ್ಣು ಕಾಣದ ಗಣಿತಜ್ಞ ಅಬ್ರಹಾಂ ನೆಮೆತ್ ಬ್ರೈಲಿನಲ್ಲೇ ಗಣಿತಕ್ಕೆಂದು ಬೇರೆ ಸಂಕೇತ ರೂಪಿಸಿದ್ದು ಇಂಥ ಕಷ್ಟವನ್ನು ತಾವೇ ಉಂಡಿದ್ದರಿಂದ.

ಪ್ರಾಥಮಿಕ ಶಾಲೆ ಮುಗಿಯುವ ತನಕ ಆಡಿಯೋ ಊಟದ ಜೊತೆಗಿನ ಉಪ್ಪಿನಕಾಯಿಯಂತೆ ಇರಲಿ, ಊಟವೇ ಅದಾಗದಿರಲಿ. ಬ್ರೈಲೋ ಮುದ್ರಿತ ಅಕ್ಷರವೋ ಒಂದು ಗಟ್ಟಿಯಾದ ಮೇಲೆ ಎಷ್ಟು ಬೇಕಾದರೂ ಕೇಳಲಿ.

ಯಾವುದು ಎಂದು ಇನ್ನೂ ತೀರ್ಮಾನ ಆಗದಿದ್ದರೆ ಎರಡು ವಾರ ಹೀಗೆ ಮಾಡಿ. ಮಗುವಿನ ಮಟ್ಟದ, ಮೊದಲು ಓದಿರದ ಪಾಠ ತೆಗೆದುಕೊಳ್ಳಿ. ದಿನಾ ಇಪ್ಪತ್ತು ನಿಮಿಷ, ಒಂದು ದಿನ ಬೆಳಿಗ್ಗೆ, ಒಂದು ದಿನ ಶಾಲೆ ಮುಗಿದ ಮೇಲೆ. ಎಷ್ಟು ಸಾಲು ಓದಿತು, ಕತ್ತು ಹೇಗಿತ್ತು, ಕಣ್ಣು ಉಜ್ಜಿತಾ, ಕೊನೆಯ ಭಾಗದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಹೇಳಿತಾ, ಬರೆದಿಡಿ. ಪುಸ್ತಕ ಬಿಟ್ಟು ಬೇರೆ ಹೊತ್ತಿನಲ್ಲೂ ಗಮನಿಸಿ: ಹೊಸ ವಸ್ತು ಕೊಟ್ಟಾಗ ಮೊದಲು ಕಣ್ಣಿನ ಹತ್ತಿರ ತರುತ್ತದಾ, ಕೈಯಲ್ಲಿ ತಿರುಗಿಸಿ ಮುಟ್ಟುತ್ತದಾ, ಅಲ್ಲಾಡಿಸಿ ಸದ್ದು ಕೇಳುತ್ತದಾ? ಯಾವ ದಾರಿ ಬೇಕು ಎಂದು ಮಗುವೇ ತೋರಿಸುತ್ತದೆ. ಬ್ರೈಲ್ ಬಾರದ ಮಗುವಿಗೆ ಬ್ರೈಲಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ, ಅಲ್ಲಿ ಈ ಮುಟ್ಟುವ ಗುಣವೇ ಸುಳಿವು. ಈ ಟಿಪ್ಪಣಿ ಹಿಡಿದುಕೊಂಡು ವಿಶೇಷ ಶಿಕ್ಷಕರ ಹತ್ತಿರ ಹೋಗಿ. ವರ್ಷಕ್ಕೊಮ್ಮೆ ಮತ್ತೆ ನೋಡಿ, ಯಾಕೆಂದರೆ ಪುಸ್ತಕದ ಅಕ್ಷರ ತರಗತಿಯಿಂದ ತರಗತಿಗೆ ಚಿಕ್ಕದಾಗುತ್ತದೆ, ಪಾಠ ಉದ್ದವಾಗುತ್ತದೆ.

ಬರೆಯಲು ಏನು?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಲೇಟ್ (ಚುಕ್ಕಿಗೆ ಕಂಡಿಗಳಿರುವ ಪಟ್ಟಿ) ಮತ್ತು ಸ್ಟೈಲಸ್ (ಚುಚ್ಚುವ ಮೊನೆಕಡ್ಡಿ) ಅಗ್ಗ, ಜೇಬಿನಲ್ಲಿ ಹೋಗುತ್ತದೆ, ಆದರೆ ಹಾಳೆಯ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ತಿರುಗಾಮುರುಗಾ ಬರೆಯಬೇಕು. ಬ್ರೈಲ್ ಯಂತ್ರದಲ್ಲಿ ಆರು ಚುಕ್ಕಿಗೆ ಆರು ಕೀಲಿ, ಒತ್ತಿದ ತಕ್ಷಣ ಚುಕ್ಕಿ ಮೇಲೆದ್ದು ಬೆರಳಿಗೆ ಸಿಗುತ್ತದೆ. 1951ರಲ್ಲಿ ಬಂದ ಪರ್ಕಿನ್ಸ್ ಯಂತ್ರ ಇವತ್ತಿಗೂ ಬಳಕೆಯಲ್ಲಿದೆ. ಚಿಕ್ಕ ಮಕ್ಕಳಿಗೆ ಮೊದಲು ಯಂತ್ರ, ಕೈ ಪಳಗಿದ ಮೇಲೆ ಸ್ಲೇಟ್, ಮೂರು ನಾಲ್ಕನೇ ತರಗತಿಯಿಂದ ಮಾಮೂಲಿ ಕೀಬೋರ್ಡ್. ಚುಕ್ಕಿಗಳು ಏಳುವ ಬೀಳುವ ಎಲೆಕ್ಟ್ರಾನಿಕ್ ಬ್ರೈಲ್ ಪರದೆ ತುಂಬ ಒಳ್ಳೆಯದು, ಆದರೆ ದುಬಾರಿ. ಅದಿಲ್ಲ ಎಂದು ಕಲಿಕೆ ನಿಲ್ಲಿಸಬೇಡಿ.

ವಿಶೇಷ ಶಾಲೆಯೋ, ಎಲ್ಲರ ಜೊತೆಗಿನ ಶಾಲೆಯೋ

ಇದರಲ್ಲಿ ಜನ ಎರಡು ಪಕ್ಷವಾಗಿ ಜಗಳ ಆಡುತ್ತಾರೆ. ನನಗೆ ಪಕ್ಷ ಇಲ್ಲ. ಎರಡೂ ಕಡೆ ಅರಳಿದ ಮಕ್ಕಳನ್ನೂ ನೋಡಿದ್ದೇನೆ, ಬಾಡಿದವರನ್ನೂ ನೋಡಿದ್ದೇನೆ.

ವಿಶೇಷ ಶಾಲೆಯಲ್ಲಿ ಬ್ರೈಲ್ ಬರುವ ಶಿಕ್ಷಕರು ಇರುತ್ತಾರೆ, ಉಬ್ಬು ನಕ್ಷೆ, ಅಬ್ಯಾಕಸ್, ಸದ್ದು ಮಾಡುವ ಚೆಂಡು ಇರುತ್ತವೆ. ತನ್ನ ಹಾಗೇ ಇರುವ ಗೆಳೆಯರು ಸಿಗುತ್ತಾರೆ, ಇದು ಚಿಕ್ಕ ವಿಷಯ ಅಲ್ಲ. ಕಣ್ಣು ಕಾಣದ ಒಬ್ಬ ಮೇಷ್ಟ್ರು ತಾವೇ ಚಕಚಕ ನಡೆದು ಬಂದು ಪಾಠ ಮಾಡುವುದನ್ನು ದಿನಾ ಕೇಳಿದ ಮಗುವಿಗೆ 'ನಾನು ದೊಡ್ಡವನಾದ ಮೇಲೆ ಏನು' ಎನ್ನುವ ಪ್ರಶ್ನೆ ಅಷ್ಟು ಹೆದರಿಸುವುದಿಲ್ಲ. ಆದರೆ ಅದು ದೂರದ ವಸತಿ ಶಾಲೆ ಆದರೆ ಐದಾರು ವರ್ಷದ ಮಗು ಅಮ್ಮನನ್ನು ಬಿಟ್ಟಿರಬೇಕು. ಅಕ್ಕ ತಮ್ಮಂದಿರ ಜೊತೆ ಜಗಳ ಆಡಿ ಬೆಳೆಯುವುದು ತಪ್ಪುತ್ತದೆ. ರಜೆಗೆ ಬಂದಾಗ ಮನೆಯವರಿಗೂ ಅದು ನೆಂಟರ ಮಗುವಿನ ಹಾಗೆ ಅನ್ನಿಸತೊಡಗುತ್ತದೆ.

ಎಲ್ಲರ ಜೊತೆಗಿನ ಶಾಲೆಯಲ್ಲಿ ಮನೆ ತಪ್ಪುವುದಿಲ್ಲ, ಅಕ್ಕಪಕ್ಕದ ಮಕ್ಕಳೇ ಗೆಳೆಯರು. ಆದರೆ ಅಲ್ಲಿ ಬ್ರೈಲ್ ಬರುವವರು ಯಾರೂ ಇಲ್ಲ ಅಂದರೆ ಮಗು ತರಗತಿಯಲ್ಲಿ ಕೂತಿರುತ್ತದೆ, ಅಷ್ಟೇ. ಒಂದು ಶಾಲೆಗೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ಸಹಾಯಕಿ, ತುಂಬ ಒಳ್ಳೆಯ ಹೆಂಗಸು. ಹುಡುಗನ ಬ್ಯಾಗು ಅವರೇ ತೆಗೆದರು, ಪುಸ್ತಕ ಅವರೇ ಬಿಡಿಸಿದರು, ಹಲಗೆಯ ಮೇಲಿನದನ್ನು ಅವರೇ ಬರೆದುಕೊಂಡರು, ಚಿತ್ರಕ್ಕೆ ಬಣ್ಣವನ್ನೂ ಅವರೇ ತುಂಬಿದರು. ಟೀಚರ್ ಬಂದು 'ಗುಡ್' ಎಂದು ಹಾಕಿ ಹೋದರು. ಹುಡುಗ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ಆದರೆ ಆ ಕೈಗಳಿಗೆ ಆ ದಿನ ಕೆಲಸವೇ ಸಿಗಲಿಲ್ಲ.

ಶಾಲೆ ನೋಡಲು ಹೋದಾಗ ಕಟ್ಟಡ ನೋಡಬೇಡಿ, ಇವನ್ನು ಕೇಳಿ. ಬ್ರೈಲ್ ಅಥವಾ ದೊಡ್ಡ ಅಕ್ಷರದ ಪುಸ್ತಕ ಬೇರೆ ಮಕ್ಕಳಿಗೆ ಬಂದ ದಿನವೇ ಇವನಿಗೂ ಬರುತ್ತದಾ? ಟೀಚರ್ ಹಲಗೆಯ ಮೇಲೆ ಬರೆಯುವಾಗ ಬಾಯಲ್ಲೂ ಹೇಳುತ್ತಾರಾ? ಆಟದ ಪೀರಿಯಡ್ಡಿನಲ್ಲಿ ಇವನು ಆಡುತ್ತಾನಾ, ನೆರಳಲ್ಲಿ ಕೂರುತ್ತಾನಾ? ರೇಖಾಗಣಿತ, ವಿಜ್ಞಾನದ ಪ್ರಯೋಗ ಬಂದಾಗ ಏನು ಮಾಡುತ್ತೀರಿ? ಪಾಠ ಬಿಟ್ಟು ಬೇರೆ ಕೌಶಲಗಳನ್ನು ಯಾರು ಕಲಿಸುತ್ತಾರೆ? ಈ ಕೊನೆಯದನ್ನು ಬಿಡಲೇಬೇಡಿ. ಒಬ್ಬರೇ ಓಡಾಡುವುದು, ಬಟ್ಟೆ ಮಡಚುವುದು, ಎದುರಿನವರ ಕಡೆ ಮುಖ ಮಾಡಿ ಮಾತಾಡುವುದು, ಇಂಥವನ್ನು ಕಾಣುವ ಮಕ್ಕಳು ನೋಡಿ ಕಲಿಯುತ್ತಾರೆ. ಇವರಿಗೆ ಕೂರಿಸಿ ಕಲಿಸಬೇಕು. ಅಮೆರಿಕದ ಶಿಕ್ಷಣತಜ್ಞ ಫಿಲ್ ಹ್ಯಾಟ್ಲೆನ್ 1996ರಲ್ಲೇ ಇಂಥ ಕೌಶಲಗಳನ್ನು ಪಾಠದಷ್ಟೇ ಮುಖ್ಯವೆಂದು ಬರೆದಿಟ್ಟರು.

ನನಗೆ ಸರಿ ಅನ್ನಿಸುವುದು ನಡುವಿನ ದಾರಿ. ಮನೆ ಹತ್ತಿರದ ಶಾಲೆಗೆ ವಿಶೇಷ ಶಿಕ್ಷಕರು ವಾರದಲ್ಲಿ ಹಲವು ದಿನ ನಿಜವಾಗಿ ಬರುತ್ತಾರೆ ಎಂದಾದರೆ ಅದೇ ಮೊದಲ ಆಯ್ಕೆ. ಇಲ್ಲವಾದರೆ ಮೊದಲ ಕೆಲವು ವರ್ಷ ವಿಶೇಷ ಶಾಲೆಯಲ್ಲಿ ಬ್ರೈಲ್, ಬಿಳಿ ಕೋಲು ಹಿಡಿದು ನಡೆಯುವುದು, ಕೀಬೋರ್ಡ್ ಗಟ್ಟಿ ಮಾಡಿಕೊಂಡು ಆಮೇಲೆ ಎಲ್ಲರ ಶಾಲೆಗೆ ಬರುವುದು ಒಳ್ಳೆಯದು. ಸಲಕರಣೆ ಕೈಯಲ್ಲಿಟ್ಟುಕೊಂಡು ಬಂದ ಮಗು ತನಗೆ ಏನು ಬೇಕೆಂದು ತಾನೇ ಕೇಳುತ್ತದೆ.

ಶಾಲೆಗಿಂತ ಮುಂಚೆ: ಕೈ ಮೇಲೆ ಕೈಯೋ, ಕೈ ಕೆಳಗೆ ಕೈಯೋ

ಮಗು ಇನ್ನೂ ಚಿಕ್ಕದಿದ್ದರೆ ನಿಮಗೆ ಇದೇ ಮುಖ್ಯ. ಕಾಣದ ಮಗು ಸದ್ದು ಕೇಳಿದ ಕಡೆ ಕೈ ಚಾಚುವುದು ಹೆಚ್ಚಾಗಿ ಮೊದಲ ವರ್ಷದ ಕೊನೆಯ ಹೊತ್ತಿಗೆ, ಅಂಬೆಗಾಲು ಅದಾದ ಮೇಲೆ. ಗಿಲಕಿ ಕಣ್ಣಿಗೆ ಬಿದ್ದರೆ ತಾನೇ ಅದರ ಕಡೆ ಹರಿದಾಡಬೇಕು ಅನ್ನಿಸುವುದು? ಹಾಗಾಗಿ ತಡವಾಯಿತೆಂದು ಗಾಬರಿಯಾಗಬೇಡಿ. ಸುಮ್ಮನೆ ಮಲಗಿಸಿಯೂ ಇಡಬೇಡಿ.

ಕಲಿಸುವಾಗ ನಾವು ಮಗುವಿನ ಕೈ ಹಿಡಿದು ವಸ್ತುವಿನ ಮೇಲೆ ಒತ್ತುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಕೈ ಅವರ ಕಣ್ಣು. ಯಾರೋ ನಿಮ್ಮ ತಲೆ ಹಿಡಿದು 'ಇದನ್ನು ನೋಡು' ಎಂದು ತಿರುಗಿಸಿದರೆ ಹೇಗಿರುತ್ತದೆ? ಎಷ್ಟೋ ಮಕ್ಕಳು ಅದಕ್ಕೇ ಮುಷ್ಟಿ ಬಿಗಿದು ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಬದಲಿಗೆ ನಿಮ್ಮ ಕೈ ಕೆಳಗೆ ಇರಲಿ, ಮಗುವಿನ ಕೈ ಅದರ ಮೇಲೆ. ಲೋಟಕ್ಕೆ ನೀರು ಬಗ್ಗಿಸುವಾಗ ನಿಮ್ಮ ಬೆರಳು ಲೋಟದ ಅಂಚಿನಲ್ಲಿ ಇರುವುದನ್ನು, ನೀರು ತಾಗಿದ ತಕ್ಷಣ ನೀವು ನಿಲ್ಲಿಸುವುದನ್ನು ಮಗು ನಿಮ್ಮ ಕೈ ಮೇಲಿಂದಲೇ ತಿಳಿಯುತ್ತದೆ. ಬೇಡ ಅನ್ನಿಸಿದರೆ ಕೈ ತೆಗೆಯುವ ಸ್ವಾತಂತ್ರ್ಯ ಅದಕ್ಕಿದೆ. ನಾಲ್ಕಾರು ದಿನ ಕಳೆದ ಮೇಲೆ ಒಂದು ಪುಟ್ಟ ಬೆರಳು ತಾನಾಗಿ ನಿಮ್ಮ ಬೆರಳನ್ನು ದಾಟಿ ನೀರನ್ನು ಮುಟ್ಟುತ್ತದೆ. ನೀರು ಚೆಲ್ಲಲಿ, ಒರೆಸಿದರಾಯಿತು.

ಆಟಿಕೆ ಮತ್ತು ನಿಜವಾದ ವಸ್ತು ಎಂದರೆ ನಿಜವಾದದ್ದೇ ಮೇಲು. ಪ್ಲಾಸ್ಟಿಕ್ ಬೆಕ್ಕಿಗೂ ಪ್ಲಾಸ್ಟಿಕ್ ಆನೆಗೂ ಮುಟ್ಟಿದರೆ ಅಂಥ ವ್ಯತ್ಯಾಸ ಇಲ್ಲ, ಎರಡೂ ತಣ್ಣಗೆ, ನುಣ್ಣಗೆ, ಅಂಗೈಯಷ್ಟು.

ಕೈ ಹಿಡಿದು ನಡೆಸುವುದೋ, ಬಿಳಿ ಕೋಲೋ

ದೊಡ್ಡವನಾಗಲಿ, ಆಮೇಲೆ ಕೋಲು ಕೊಡೋಣ ಎನ್ನುವವರು ಜಾಸ್ತಿ. ಕೋಲು ಹಿಡಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎನ್ನುವ ಸಂಕೋಚ ಅದರ ಹಿಂದೆ ಇರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಸದಾ ಕೈ ಹಿಡಿದು ನಡೆದ ಮಗುವಿಗೆ ಎಲ್ಲಿ ತಿರುಗಿದೆವು, ಎಷ್ಟು ಮೆಟ್ಟಿಲು ಇಳಿದೆವು ಎನ್ನುವುದು ಗೊತ್ತೇ ಆಗುವುದಿಲ್ಲ. ನಡೆಯಲು ಶುರು ಮಾಡಿದ ಮಗುವಿಗೂ ಅದರ ಎತ್ತರಕ್ಕೆ ಸರಿಯಾದ ಹಗುರ ಕೋಲು ಕೊಡಬಹುದು. ಮೊದಮೊದಲು ಅದರಿಂದ ಬಡಿದು ಸದ್ದು ಮಾಡಿ ಆಡುತ್ತದೆ, ಆಡಲಿ. ನೆಲ ಗಟ್ಟಿಯೋ ಮಣ್ಣೋ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವುದು ಆ ಸದ್ದಿನಿಂದಲೇ ತಿಳಿಯುತ್ತದೆ. ಸರಿಯಾಗಿ ಬೀಸಿ ನಡೆಯುವುದನ್ನು ತರಬೇತಿ ಇರುವವರಿಂದ ಕಲಿಸಿ. ಜನಸಂದಣಿಯಲ್ಲಿ, ಗೊತ್ತಿಲ್ಲದ ರಸ್ತೆ ದಾಟುವಾಗ ಜೊತೆಯವರು ಬೇಕು. ಆಗಲೂ ನೀವು ಮಗುವನ್ನು ಹಿಡಿದು ಎಳೆಯಬೇಡಿ, ಮಗು ನಿಮ್ಮ ಕೈ ಹಿಡಿದುಕೊಳ್ಳಲಿ, ಅರ್ಧ ಹೆಜ್ಜೆ ಹಿಂದೆ ಬರಲಿ. ಚಿಕ್ಕವರಿಗೆ ಮಣಿಕಟ್ಟು, ಎತ್ತರವಾದ ಮೇಲೆ ಮೊಣಕೈ.

ಮಗು ಬೆಳೆದ ಹಾಗೆ ಕೋಲು ಗಿಡ್ಡವಾಗುತ್ತದೆ, ತುದಿ ಸವೆಯುತ್ತದೆ, ಕೆಲವೊಮ್ಮೆ ಬಾಗಿಲಿಗೆ ಸಿಕ್ಕಿ ಮುರಿಯುತ್ತದೆ. ಬೈಯದೆ ಇನ್ನೊಂದು ತಂದುಕೊಡಿ.